ಕಿಟಕಿಗೆ ಒಂಟಿ ಗಾಜೋ, ಜೋಡಿ ಗಾಜೋ? ಆರಿಸುವ ಮುನ್ನ ಹಾಕಬೇಕಾದ ಲೆಕ್ಕ

ಕಿಟಕಿ ಮಾಡಿಸಲು ಹೊರಟವರಿಗೆ ಸಿಗುವ ಸಲಹೆ ಹೆಚ್ಚಾಗಿ ಒಂದೇ: ಕೈಯಲ್ಲಿ ದುಡ್ಡಿದ್ದರೆ ಡಬಲ್ ಗ್ಲೇಜ್ಡ್ ಹಾಕಿಸಿ, ಇಲ್ಲದಿದ್ದರೆ ಸಿಂಗಲ್ ಸಾಕು. ಇದು ಜೇಬಿನ ಮಾತಾಯಿತೇ ಹೊರತು ಕಿಟಕಿಯ ಮಾತಾಗಲಿಲ್ಲ. ಕಿಟಕಿಯನ್ನು ದಾಟಿ ಹೋಗಿಬರುವುದು ನಾಲ್ಕು: ಗಾಜಿನ ಮೂಲಕ ಹರಿಯುವ ಶಾಖ, ನೇರ ಬಿಸಿಲು, ಸದ್ದು, ಮತ್ತು ಸಂದಿಯಲ್ಲಿ ನುಸುಳುವ ಗಾಳಿ. ಎರಡನೇ ಗಾಜು ತನ್ನಷ್ಟಕ್ಕೆ ಚೆನ್ನಾಗಿ ತಡೆಯುವುದು ಮೊದಲನೆಯದನ್ನು ಮಾತ್ರ. ಬಿಸಿಲಿಗೆ ಕೋಟಿಂಗ್ ಅಥವಾ ನೆರಳು ಬೇಕು, ಸದ್ದಿಗೆ ಗಾಜಿನ ದಪ್ಪ ಮತ್ತು ತೂಕ ಬೇಕು, ಗಾಳಿಗೆ ಒಳ್ಳೆಯ ಫ್ರೇಮ್ ಮತ್ತು ರಬ್ಬರ್ ಬೇಕು. ನಿಮಗೆ ತೊಂದರೆ ಕೊಡುತ್ತಿರುವುದು ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಿಲ್ಲದೆ 'ಡಬಲ್' ಎಂಬ ಒಂದೇ ಪದ ಹೇಳಿ ಆರ್ಡರ್ ಕೊಟ್ಟರೆ, ಬೇಡದ್ದಕ್ಕೆ ದುಡ್ಡು ಹೋಗಿ ಬೇಕಾದದ್ದು ಸಿಗದೇ ಇರಬಹುದು.

ಜೋಡಿ ಗಾಜು ಎಂದರೆ ಏನೇನು

ಒಂಟಿ ಗಾಜಿನ ಕಿಟಕಿಯಲ್ಲಿ 4, 5 ಅಥವಾ 6 ಮಿ.ಮೀ. ದಪ್ಪದ ಒಂದು ಹಾಳೆ ಇರುತ್ತದೆ. ಅಷ್ಟೇ. ಜೋಡಿ ಗಾಜು ಹಾಗಲ್ಲ, ಅದು ಕಾರ್ಖಾನೆಯಲ್ಲಿ ಸೀಲ್ ಆಗಿ ಬರುವ ಒಂದು ಯೂನಿಟ್. ಎರಡು ಹಾಳೆಗಳ ನಡುವೆ ಸುತ್ತಲೂ ಟೊಳ್ಳಾದ ಸ್ಪೇಸರ್ ಪಟ್ಟಿ, ಆ ಟೊಳ್ಳಿನೊಳಗೆ ತೇವ ಹೀರುವ ಹರಳು, ಸ್ಪೇಸರ್‌ಗೂ ಗಾಜಿಗೂ ನಡುವೆ ತೆಳುವಾದ ಬ್ಯುಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಎರಡನೇ ಸೀಲ್. ತೇವವನ್ನೂ ಅನಿಲವನ್ನೂ ತಡೆಯುವ ಕೆಲಸ ಮುಖ್ಯವಾಗಿ ಬ್ಯುಟೈಲಿನದು. ಎರಡೂ ಗಾಜನ್ನು ಕದಲದಂತೆ ಹಿಡಿದಿಡುವುದು ಹೊರಗಿನ ಸೀಲ್. ಯೂನಿಟ್ ಹಾಳಾಗುವುದು ಯಾವಾಗಲೂ ಈ ಅಂಚಿನಿಂದಲೇ. ಆದ್ದರಿಂದ ಜೋಡಿ ಗಾಜನ್ನು ಕೊಳ್ಳುವಾಗ ಗಾಜಿಗಿಂತ ಹೆಚ್ಚಾಗಿ ಅಂಚನ್ನೇ ಕೊಳ್ಳುತ್ತಿದ್ದೇವೆ ಎಂದರೂ ತಪ್ಪಿಲ್ಲ.

ಸ್ಥಳದಲ್ಲೇ ಎರಡು ಗಾಜನ್ನು ಒಂದೇ ಫ್ರೇಮಿಗೆ ಸಿಕ್ಕಿಸಿ, ಸುತ್ತ ಸಿಲಿಕೋನ್ ಬಳಿದು 'ಇದೂ ಡಬಲ್ಲೇ' ಎನ್ನುವವರಿದ್ದಾರೆ. ಅದರಲ್ಲಿ ತೇವ ಹೀರುವ ಹರಳೂ ಇರುವುದಿಲ್ಲ, ಬ್ಯುಟೈಲೂ ಇರುವುದಿಲ್ಲ. ಒಂದು ಮಳೆಗಾಲ ಕಳೆದರೆ ನಡುವೆ ಮಂಜು ಕಟ್ಟುತ್ತದೆ, ಒಳಗೆ ಸೇರಿದ ಧೂಳು ಒರೆಸಲು ದಾರಿಯೇ ಇರುವುದಿಲ್ಲ.

ಅಳತೆಯನ್ನು 4-16-4 ಎಂಬಂತೆ ಬರೆಯುತ್ತಾರೆ: 4 ಮಿ.ಮೀ. ಗಾಜು, 16 ಮಿ.ಮೀ. ನಡುವಿನ ಅಂತರ, ಮತ್ತೆ 4 ಮಿ.ಮೀ. ಗಾಜು. ಒಟ್ಟು ದಪ್ಪ 24 ಮಿ.ಮೀ. ಗಾಜಿನ ಮುಖಗಳಿಗೂ ನಂಬರ್ ಇದೆ. ಹೊರಗಿನಿಂದ ಒಳಕ್ಕೆ ಎಣಿಸಿದರೆ ಮಳೆ ಬೀಳುವ ಮುಖ 1, ಕೋಣೆಯೊಳಗೆ ನಿಂತು ಮುಟ್ಟುವ ಮುಖ 4. ಅಂತರಕ್ಕೆ ಮುಖ ಮಾಡಿರುವುವು 2 ಮತ್ತು 3. ಕೋಟಿಂಗ್ ವಿಷಯಕ್ಕೆ ಬಂದಾಗ ಈ ನಂಬರ್ ಬೇಕಾಗುತ್ತದೆ.

ಶಾಖ: ದಪ್ಪ ಗಾಜು ಉತ್ತರವಲ್ಲ

ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಲ್ಲಿ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದೇ ಯು-ವ್ಯಾಲ್ಯೂ. ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. 4 ಮಿ.ಮೀ. ಒಂಟಿ ಗಾಜಿಗೆ ಇದು ಸುಮಾರು 5.8. 'ಹಾಗಾದರೆ 12 ಮಿ.ಮೀ. ಗಾಜು ಹಾಕಿಸೋಣ' ಎಂದು ಹೊರಟರೆ ಸಿಗುವುದು ಸುಮಾರು 5.5. ಮೂರು ಪಟ್ಟು ತೂಕ ಹೊತ್ತರೂ ಲಾಭ ನೂರಕ್ಕೆ ಐದರಷ್ಟು. ಏಕೆಂದರೆ ಗಾಜು ಶಾಖವನ್ನು ಸಲೀಸಾಗಿ ಸಾಗಿಸುವ ವಸ್ತು. ಒಂಟಿ ಗಾಜಿನಲ್ಲಿ ಅಲ್ಪಸ್ವಲ್ಪ ತಡೆ ಬರುವುದು ಅದರ ಎರಡೂ ಮೈಗೆ ಅಂಟಿ ನಿಂತ ಗಾಳಿಯ ಪದರದಿಂದಲೇ. ಜೋಡಿ ಗಾಜಿನಲ್ಲೂ ಕೆಲಸ ಮಾಡುವುದು ನಡುವಿನ ನಿಶ್ಚಲ ಗಾಳಿ.

ಆ ಗಾಳಿಯ ದಪ್ಪಕ್ಕೂ ಒಂದು ಮಿತಿಯಿದೆ. ಅಂತರ 6 ಮಿ.ಮೀ. ಇದ್ದರೆ ಯು-ವ್ಯಾಲ್ಯೂ 3.3ರ ಆಸುಪಾಸು. 12 ಮಿ.ಮೀ.ಗೆ 2.8ರ ಹತ್ತಿರ, 16ಕ್ಕೆ 2.7. ಅದಕ್ಕಿಂತ ಅಗಲ ಮಾಡಿದರೆ ಒಳಗಿನ ಗಾಳಿ ಒಂದು ಕಡೆ ಬಿಸಿಯಾಗಿ ಮೇಲೇರಿ, ಇನ್ನೊಂದು ಕಡೆ ತಣ್ಣಗಾಗಿ ಇಳಿದು ಸುತ್ತಲು ಶುರುಮಾಡುತ್ತದೆ. ಅಲ್ಲಿಂದಾಚೆಗೆ ಶಾಖದ ಮಟ್ಟಿಗೆ ಲಾಭವಿಲ್ಲ. ಹಾಗಾಗಿ 6 ಮಿ.ಮೀ. ಅಂತರದ ಅಗ್ಗದ ಯೂನಿಟ್ಟನ್ನು ಯಾರಾದರೂ ತೋರಿಸಿದರೆ ಬೇಡವೆನ್ನಿ. ಸೀಲ್ ಹಾಳಾಗುವ ಅಪಾಯವೆಲ್ಲ ಅದರಲ್ಲೂ ಇದೆ, ಪ್ರಯೋಜನ ಮಾತ್ರ ಪೂರ್ತಿ ಇಲ್ಲ.

ಸಾದಾ ಜೋಡಿ ಗಾಜಿನಲ್ಲಿ ಅಂತರವನ್ನು ದಾಟುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯ ಮೂಲಕ ಹೋಗುವುದೇ ಇಲ್ಲ. ಬೆಚ್ಚಗಿನ ಗಾಜು ತಣ್ಣಗಿನ ಗಾಜಿನ ಕಡೆಗೆ ಅದನ್ನು ವಿಕಿರಣವಾಗಿ ಸೂಸುತ್ತಿರುತ್ತದೆ. ಇದನ್ನು ತಡೆಯಲು ಗಾಜಿನ ಒಂದು ಮುಖಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪನ ಕೊಡುತ್ತಾರೆ. ಇದೇ ಲೋ-ಇ ಕೋಟಿಂಗ್. 4-16-4 ಯೂನಿಟ್ಟಿಗೆ ಲೋ-ಇ ಕೋಟಿಂಗ್ ಹಾಕಿ, ಅಂತರದಲ್ಲಿ ಗಾಳಿಯ ಬದಲು ಆರ್ಗಾನ್ ತುಂಬಿದರೆ ಯು-ವ್ಯಾಲ್ಯೂ 1.1ರಿಂದ 1.2ಕ್ಕೆ ಇಳಿಯುತ್ತದೆ. ಗಮನಿಸಿ: ಒಂಟಿಯಿಂದ ಸಾದಾ ಜೋಡಿಗೆ ಹೋದಾಗ ಶಾಖ ಅರ್ಧವಾಯಿತು, ಕೋಟಿಂಗ್ ಮತ್ತು ಆರ್ಗಾನ್ ಸೇರಿದಾಗ ಆ ಅರ್ಧವೂ ಮತ್ತೆ ಅರ್ಧಕ್ಕಿಂತ ಕೆಳಗೆ ಬಂತು. ಜೋಡಿ ಗಾಜಿಗೆ ದುಡ್ಡು ಹಾಕುವುದು ಖಚಿತವಾದ ಮೇಲೆ ಕೋಟಿಂಗಿನಲ್ಲಿ ಉಳಿಸಲು ನೋಡುವುದು ನಮ್ಮ ಲೆಕ್ಕದಲ್ಲಿ ಜಾಣತನವಲ್ಲ. ಆರ್ಗಾನ್ ಬೇಕಾದರೆ ಬಿಡಬಹುದು, ಕೋಟಿಂಗ್ ಬಿಡಬೇಡಿ.

ಚಳಿಯ ಪ್ರದೇಶದಲ್ಲಿ ಇದರ ಬೆಲೆ ಎದ್ದು ಕಾಣುತ್ತದೆ. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಗಾಜು, ಅಂದರೆ 1.8 ಚದರ ಮೀಟರ್. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಒಂಟಿ ಗಾಜಿನಲ್ಲಿ 261 ವಾಟ್ ಹೊರಹೋಗುತ್ತದೆ, ಇಡೀ ದಿನಕ್ಕೆ 6.3 ಯುನಿಟ್ ವಿದ್ಯುತ್ತಿನಷ್ಟು. ಸಾದಾ ಜೋಡಿಯಲ್ಲಿ ದಿನಕ್ಕೆ 3 ಯುನಿಟ್. ಲೋ-ಇ ಮತ್ತು ಆರ್ಗಾನ್ ಇದ್ದರೆ 1.2. ಇದು ಒಂದೇ ಕಿಟಕಿಯ ಲೆಕ್ಕ. ತಿಂಗಳುಗಟ್ಟಲೆ ಹೀಟರ್ ಉರಿಸುವ ಮನೆಗೆ ಒಂಟಿ ಗಾಜು ಎಂಬ ಆಯ್ಕೆಯೇ ಇಲ್ಲ ಎಂದುಕೊಳ್ಳಿ.

ಗಾಜು ಬೆವರುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಒಳಗೆ 20 ಡಿಗ್ರಿ, ತೇವಾಂಶ ನೂರಕ್ಕೆ 50 ಇರುವ ಕೋಣೆಯಲ್ಲಿ 9.3 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈಮೇಲೆ ನೀರು ಕೂರುತ್ತದೆ. ಹೊರಗೆ 0 ಡಿಗ್ರಿ ಇದ್ದರೆ ಒಂಟಿ ಗಾಜಿನ ಒಳಮೈ 5 ಡಿಗ್ರಿಯ ಹತ್ತಿರ ಇರುತ್ತದೆ, ಧಾರಾಳವಾಗಿ ಬೆವರುತ್ತದೆ. ನೀರು ಇಳಿದು ಮರದ ಚೌಕಟ್ಟಿನ ಕೆಳಮೂಲೆಯಲ್ಲಿ ನಿಂತು ಬೂಸ್ಟು ಹಿಡಿಯುವುದು, ಮರ ಕೊಳೆಯುವುದು ಅಲ್ಲಿಂದಲೇ. ಸಾದಾ ಜೋಡಿ ಗಾಜಿನ ಒಳಮೈ 12-13 ಡಿಗ್ರಿ, ಲೋ-ಇ ಇದ್ದರೆ 17ರ ಹತ್ತಿರ. ನಡುಭಾಗ ಒಣಗಿದ್ದು ಅಂಚಿನುದ್ದಕ್ಕೂ ಮಾತ್ರ ನೀರಿನ ಗೆರೆ ಕಂಡರೆ ಅಪರಾಧಿ ಅಲ್ಯೂಮಿನಿಯಂ ಸ್ಪೇಸರ್, ಅದು ಅಂಚಿನಲ್ಲಿ ಶಾಖಕ್ಕೆ ಸೇತುವೆ ಹಾಕಿಕೊಟ್ಟಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಮಿಶ್ರಣದ 'ವಾರ್ಮ್ ಎಡ್ಜ್' ಸ್ಪೇಸರ್ ಇರುವುದು ಇದಕ್ಕಾಗಿಯೇ.

ಬೆಳಗಿನ ಜಾವ ಒಳ್ಳೆಯ ಲೋ-ಇ ಗಾಜಿನ ಹೊರಮೈಯಲ್ಲಿ ಇಬ್ಬನಿ ಕಂಡು ಗಾಬರಿಯಾಗಿ ಫೋನ್ ಮಾಡುವವರುಂಟು. ಒಳಗಿನ ಶಾಖ ಹೊರಗಿನ ಹಾಳೆಯವರೆಗೆ ತಲುಪುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಬಿಸಿಲೇರಿದರೆ ಹೋಗುತ್ತದೆ.

ಬಿಸಿಲಿನ ಲೆಕ್ಕವೇ ಬೇರೆ

ಸೆಖೆಯ ಊರಿನವರು ಹೆಚ್ಚಾಗಿ ಎಡವುವುದು ಇಲ್ಲಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದಕ್ಕೆ ಎಸ್‌ಎಚ್‌ಜಿಸಿ ಎಂಬ ಅಂಕಿ ಇದೆ, ಕೆಲವು ಕಂಪನಿಗಳು ಇದನ್ನೇ ಜಿ-ವ್ಯಾಲ್ಯೂ ಎಂದು ಬರೆಯುತ್ತವೆ. ಸಾದಾ ಒಂಟಿ ಗಾಜಿಗೆ ಅದು 0.85ರ ಹತ್ತಿರ. ಸಾದಾ ಜೋಡಿ ಗಾಜಿಗೆ 0.75. ಬಿಸಿಲಿಗೆ ಎರಡನೇ ಗಾಜು ಅಡ್ಡಿಯೇ ಅಲ್ಲ ಎನ್ನುವಷ್ಟು ಸಣ್ಣ ವ್ಯತ್ಯಾಸ.

ಅದೇ 1.8 ಚದರ ಮೀಟರಿನ ಕಿಟಕಿಯನ್ನು ಪಶ್ಚಿಮದ ಗೋಡೆಯಲ್ಲಿಡಿ. ಹೊರಗೆ 40 ಡಿಗ್ರಿ, ಎಸಿ ಹಾಕಿದ ಕೋಣೆಯಲ್ಲಿ 25, ಗಾಜಿನ ಮೇಲೆ ಚದರ ಮೀಟರಿಗೆ 500 ವಾಟ್ ಬಿಸಿಲು ಎಂದುಕೊಳ್ಳೋಣ. ಒಂಟಿ ಗಾಜಿನಲ್ಲಿ ಹರಿದು ಬರುವ ಶಾಖ 157 ವಾಟ್, ಬಿಸಿಲಿನಿಂದ 765 ವಾಟ್, ಒಟ್ಟು 922. ಸಾದಾ ಜೋಡಿಯಲ್ಲಿ 76 ಮತ್ತು 675, ಒಟ್ಟು 751. ದುಡ್ಡು ಕೊಟ್ಟು ಯೂನಿಟ್ ಹಾಕಿಸಿದ ಮೇಲೂ ಸಂಜೆ ನಾಲ್ಕಕ್ಕೆ ಕೋಣೆ ಕಾಯುತ್ತಲೇ ಇರುತ್ತದೆ. ಬಿಸಿಲು ತಡೆಯುವ ಸೋಲಾರ್ ಕಂಟ್ರೋಲ್ ಲೋ-ಇ ಜೋಡಿ ಗಾಜು, ಯು-ವ್ಯಾಲ್ಯೂ 1.6 ಮತ್ತು ಎಸ್‌ಎಚ್‌ಜಿಸಿ 0.30 ಇರುವಂಥದ್ದು ಹಾಕಿದರೆ 43 ಮತ್ತು 270, ಒಟ್ಟು 313 ವಾಟ್. ಈಗ ಇನ್ನೊಂದು ಆಯ್ಕೆ ನೋಡಿ: ಒಂಟಿ ಗಾಜನ್ನೇ ಇಟ್ಟು, ಅದರ ಹೊರಗಡೆ ಬಿಸಿಲಿನ ಐದರಲ್ಲೊಂದು ಪಾಲು ಮಾತ್ರ ಒಳಬಿಡುವ ಬ್ಲೈಂಡ್ ಅಥವಾ ಜಾಲರಿ ಪರದೆ ಇಳಿಬಿಟ್ಟರೆ 157 ಮತ್ತು 153, ಒಟ್ಟು 310.

ಅಂದರೆ ಬೇಸಿಗೆಯ ಸಂಜೆಯ ಮಟ್ಟಿಗೆ, ಹೊರನೆರಳಿರುವ ಒಂಟಿ ಗಾಜು ದುಬಾರಿ ಜೋಡಿ ಗಾಜಿಗೆ ಸರಿಸಮ. ಪರದೆ ಇಳಿಸಿದಾಗ ಹೊರಗಿನ ನೋಟ ಹೋಗುತ್ತದೆ ಎಂಬುದೇ ಅದರ ಕೊರತೆ. ನೆರಳು ಗಾಜಿನ ಹೊರಗಡೆಯೇ ಇರಬೇಕು. ಒಳಗಿನ ಪರದೆಯ ಮೇಲೆ ಬಿದ್ದ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ಪರದೆ ಕಾದು ಆ ಶಾಖವನ್ನು ಕೋಣೆಗೇ ಬಿಡುತ್ತದೆ. ಕಿಟಕಿಯ ಮೇಲಿನ ಸಜ್ಜೆ ಮಧ್ಯಾಹ್ನದ ನೆತ್ತಿಯ ಬಿಸಿಲಿಗೆ ಸರಿ. ಪೂರ್ವ ಪಶ್ಚಿಮಗಳ ಓರೆ ಬಿಸಿಲು ಸಜ್ಜೆಯ ಕೆಳಗಿಂದ ನುಗ್ಗುವುದರಿಂದ ಅಲ್ಲಿ ನಿಲುವು ಪಟ್ಟಿಯೋ ಇಳಿಬಿಡುವ ಪರದೆಯೋ ಬೇಕು.

ಕೋಟಿಂಗ್ ಯಾವ ಮುಖದಲ್ಲಿ ಎಂಬುದೂ ಇಲ್ಲೇ ನಿರ್ಧಾರವಾಗುತ್ತದೆ. ಬಿಸಿಲನ್ನು ಹೊರಗೇ ಇಡಬೇಕಾದರೆ 2ನೇ ಮುಖ. ಚಳಿ ದೇಶದಲ್ಲಿ ಬಿಸಿಲು ಒಳಗೆ ಬರಲಿ, ಬೆಚ್ಚಗಿನ ಶಾಖ ಹೊರಹೋಗದಿರಲಿ ಎಂದಾದರೆ 3ನೇ ಮುಖ, ಅದೂ ಬಿಸಿಲು ಬಿಡುವ ಬಗೆಯ ಕೋಟಿಂಗ್. ಕೂರಿಸುವವರು ಯೂನಿಟ್ಟನ್ನು ಹಿಂದುಮುಂದಾಗಿ ಹಾಕಿದರೆ ಯು-ವ್ಯಾಲ್ಯೂ ಬದಲಾಗುವುದಿಲ್ಲ, ಬಿಸಿಲಿನ ಲೆಕ್ಕ ಕೆಡುತ್ತದೆ. ಪರೀಕ್ಷಿಸುವುದು ಸುಲಭ: ಕತ್ತಲಾದ ಮೇಲೆ ಗಾಜಿನ ಮುಂದೆ ಲೈಟರ್ ಹಚ್ಚಿ ಓರೆಯಾಗಿ ನೋಡಿ. ನಾಲ್ಕು ಮುಖಕ್ಕೆ ನಾಲ್ಕು ಜ್ವಾಲೆ ಸಾಲಾಗಿ ಕಾಣುತ್ತವೆ. ಬಣ್ಣ ಬೇರೆಯಾಗಿ ಕಾಣುವುದೇ ಕೋಟಿಂಗ್ ಇರುವ ಮುಖ. ನೀವು ಒಳಗೆ ನಿಂತಿದ್ದರೆ ನಿಮಗೆ ಹತ್ತಿರದ ಜ್ವಾಲೆ 4ನೇ ಮುಖದ್ದು. ನಾಲ್ಕೂ ಒಂದೇ ಬಣ್ಣವಿದ್ದರೆ ಕೋಟಿಂಗೇ ಇಲ್ಲ.

ಹೆಚ್ಚು ಸಾಮರ್ಥ್ಯದ ಸಾಫ್ಟ್ ಕೋಟಿಂಗ್ ಗಾಳಿ ತೇವಕ್ಕೆ ತೆರೆದುಕೊಂಡರೆ ಹಾಳಾಗುತ್ತದೆ, ಅದು ಸೀಲ್ ಆದ ಅಂತರದೊಳಗೇ ಇರಬೇಕು. ಒಂಟಿ ಗಾಜಿಗೆ ಸಿಗುವುದು ಹಾರ್ಡ್ ಕೋಟಿಂಗ್ ಮಾತ್ರ.

ಸದ್ದು: ಇಲ್ಲಿ 'ಡಬಲ್' ಮೋಸ ಮಾಡುತ್ತದೆ

ರಸ್ತೆಯ ಗದ್ದಲಕ್ಕೆ ಬೇಸತ್ತು ಜೋಡಿ ಗಾಜು ಹಾಕಿಸಿ ನಿರಾಶರಾದವರು ಬಹಳ. ಕಾರಣ ಇಷ್ಟು: 6 ಮಿ.ಮೀ. ಒಂಟಿ ಗಾಜು ಸುಮಾರು 31-32 ಡೆಸಿಬಲ್ ತಡೆಯುತ್ತದೆ. 4-12-4 ಯೂನಿಟ್ ತಡೆಯುವುದು 30-31. ಹೌದು, ಜೋಡಿಯದೇ ಒಂದು ಕೈ ಕಡಿಮೆ. ನಡುವಿನ ಗಾಳಿ ಸ್ಪ್ರಿಂಗಿನಂತೆ ಎರಡು ಹಾಳೆಗಳನ್ನು ಬೆಸೆದು, ಒಂದು ನಿರ್ದಿಷ್ಟ ಕಂಪನದಲ್ಲಿ ಎರಡೂ ಒಟ್ಟಿಗೆ ಕುಣಿಯುತ್ತವೆ. 4-12-4ರಲ್ಲಿ ಅದು 245 ಹರ್ಟ್ಜ್ ಹತ್ತಿರ, ಲಾರಿ ಬಸ್ಸುಗಳ ಗುಡುಗುಟ್ಟುವ ಸದ್ದಿನ ವಲಯದಲ್ಲೇ. ಅದರ ಮೇಲೆ ಎರಡೂ ಹಾಳೆ ಒಂದೇ ದಪ್ಪವಾದರೆ ಇನ್ನೊಂದು ದುರ್ಬಲ ಬಿಂದುವೂ ಒಂದೇ ಜಾಗಕ್ಕೆ ಬರುತ್ತದೆ: 4 ಮಿ.ಮೀ. ಗಾಜು 3000 ಹರ್ಟ್ಜ್ ಸುತ್ತಮುತ್ತ ಸದ್ದನ್ನು ಸುಲಭವಾಗಿ ಬಿಡುತ್ತದೆ, 6 ಮಿ.ಮೀ.ಯದು 2000 ಹತ್ತಿರ. ಎರಡೂ 4 ಆದರೆ ಎರಡೂ ಒಂದೇ ಕಡೆ ಸೋಲುತ್ತವೆ.

ಪರಿಹಾರವೂ ಇದರಲ್ಲೇ ಇದೆ. ಹಾಳೆಗಳ ದಪ್ಪ ಬೇರೆ ಬೇರೆ ಇರಲಿ. 6-16-4 ಹಾಕಿದರೆ 33ರಿಂದ 35 ಡೆಸಿಬಲ್ ಸಿಗುತ್ತದೆ. ಒಂದು ಹಾಳೆಯನ್ನು ಸದ್ದು ನುಂಗುವ ಪದರವಿರುವ ಲ್ಯಾಮಿನೇಟೆಡ್ ಮಾಡಿದರೆ, ಉದಾಹರಣೆಗೆ 8 ಮಿ.ಮೀ.ಗೂ ಹೆಚ್ಚಿನ ಅಕೂಸ್ಟಿಕ್ ಲ್ಯಾಮಿನೇಟ್, 16 ಅಂತರ, 6 ಗಾಜು, ಆಗ 40ರ ಆಸುಪಾಸಿಗೆ ಹೋಗಬಹುದು. ಕಿವಿಗೆ 3 ಡೆಸಿಬಲ್ ವ್ಯತ್ಯಾಸ ತಿಳಿದೂ ತಿಳಿಯದಂತೆ ಇರುತ್ತದೆ, 10 ಕಡಿಮೆಯಾದರೆ ಸದ್ದು ಅರ್ಧವಾದಂತೆ ಕೇಳುತ್ತದೆ. ಶಾಖದ ಕಾಟವಿಲ್ಲದೆ ಸದ್ದಿನ ಕಾಟ ಮಾತ್ರ ಇದ್ದರೆ, ಒಂಟಿಯಾಗಿಯೇ ದಪ್ಪನೆಯ ಅಕೂಸ್ಟಿಕ್ ಲ್ಯಾಮಿನೇಟ್ ಹಾಕಿಸುವುದು ತೆಳ್ಳನೆಯ ಜೋಡಿಗಿಂತ ಒಳ್ಳೆಯದು.

ಆದರೆ ಇವೆಲ್ಲ ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ಮಾತ್ರ. ಕಿಟಕಿಯ ಒಟ್ಟು ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ ಸಾಕು, ಗಾಜು ಎಂಥದ್ದೇ ಆಗಲಿ ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಸ್ಲೈಡಿಂಗ್ ಕಿಟಕಿಗಳು ಸೋಲುವುದು ಈ ಕಾರಣಕ್ಕೆ. ಅವುಗಳಲ್ಲಿ ಜಾರುವ ಕದಕ್ಕೂ ಹಳಿಗೂ ನಡುವೆ ಬ್ರಷ್ ಪಟ್ಟಿ ಮಾತ್ರ ಇರುತ್ತದೆ. ಕೀಲಿನ ಮೇಲೆ ತೆರೆದು, ಮುಚ್ಚಿದಾಗ ಸುತ್ತಲೂ ರಬ್ಬರನ್ನು ಒತ್ತಿ ಹಿಡಿಯುವ ಕದಗಳೇ ಸದ್ದಿಗೂ ಗಾಳಿಗೂ ಮೇಲು. ಗಾಜಿನ ದರಪಟ್ಟಿ ಕೇಳುವ ಮೊದಲು ಈಗಿನ ಕಿಟಕಿಯ ಸಂದಿಯಲ್ಲಿ ಊದುಬತ್ತಿ ಆಡಿಸಿ ನೋಡಿ. ಹೊಗೆ ಎಳೆದಾಡಿದರೆ ಮೊದಲು ರಬ್ಬರ್ ಬದಲಿಸಿ, ಗೋಡೆಗೂ ಚೌಕಟ್ಟಿಗೂ ನಡುವಿನ ಬಿರುಕು ಮುಚ್ಚಿ. ಖರ್ಚು ಕಡಿಮೆ, ಕೆಲವೊಮ್ಮೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಫ್ರೇಮ್ ಕೆಟ್ಟದ್ದಾದರೆ

ಕಿಟಕಿಯಲ್ಲಿ ಕಾಲುಭಾಗ ಗಾಜಲ್ಲ, ಫ್ರೇಮ್. ಸಾದಾ ಅಲ್ಯೂಮಿನಿಯಂ ಫ್ರೇಮಿನ ಯು-ವ್ಯಾಲ್ಯೂ 6ರಷ್ಟಿರುತ್ತದೆ. 1.2ರ ಗಾಜು ಮುಕ್ಕಾಲು ಪಾಲು, 6ರ ಫ್ರೇಮ್ ಕಾಲು ಪಾಲು ಸೇರಿದರೆ ಇಡೀ ಕಿಟಕಿಯದು 2.4. ಅದೇ ಗಾಜನ್ನು 1.6ರ ಯುಪಿವಿಸಿ ಫ್ರೇಮಿಗೆ ಹಾಕಿದರೆ 1.3. ಸ್ಪೇಸರ್ ಅಂಚಿನ ನಷ್ಟ ಎರಡಕ್ಕೂ ಮೇಲಿಂದ ಸ್ವಲ್ಪ ಸೇರುತ್ತದೆ. ಒಳ್ಳೆಯ ಗಾಜಿನ ಅರ್ಧ ಗುಣವನ್ನು ಫ್ರೇಮೇ ತಿಂದುಹಾಕಿತು. ಅಲ್ಯೂಮಿನಿಯಮ್ಮೇ ಬೇಕೆಂದರೆ ಒಳಭಾಗಕ್ಕೂ ಹೊರಭಾಗಕ್ಕೂ ನಡುವೆ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಇರುವ 'ಥರ್ಮಲ್ ಬ್ರೇಕ್' ಪ್ರೊಫೈಲ್ ಕೇಳಿ. ಪ್ರೊಫೈಲಿನ ಕತ್ತರಿಸಿದ ತುಂಡು ತರಿಸಿ ನೋಡಿದರೆ ಕಪ್ಪು ಪಟ್ಟಿ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ದರಪಟ್ಟಿಯಲ್ಲಿ ಕೊಟ್ಟ ಯು-ವ್ಯಾಲ್ಯೂ ಗಾಜಿನ ನಡುಭಾಗದ್ದೋ ಇಡೀ ಕಿಟಕಿಯದ್ದೋ ಎಂದು ಕೇಳಿ ಬರೆಸಿಕೊಳ್ಳಿ. ಮಾರುವವರು ಹೇಳುವುದು ಸಾಮಾನ್ಯವಾಗಿ ಮೊದಲನೆಯದು, ಅದೇ ಚಿಕ್ಕ ಸಂಖ್ಯೆ.

ತೂಕ ಮರೆಯಬೇಡಿ. ಒಂದು ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 2.5 ಕೆ.ಜಿ. ನಮ್ಮ 1.8 ಚದರ ಮೀಟರಿನ ಕಿಟಕಿಗೆ 6 ಮಿ.ಮೀ. ಒಂಟಿ ಗಾಜಾದರೆ 27 ಕೆ.ಜಿ., 6-12-6 ಆದರೆ 54. ಒಂಟಿ ಗಾಜಿಗೆಂದು ಮಾಡಿದ ಕೀಲು, ರೋಲರ್ ಇದನ್ನು ಹೊರುವುದಿಲ್ಲ. ಕದ ಜೋತುಬೀಳುತ್ತದೆ, ಮೇಲ್ಮೂಲೆ ಚೌಕಟ್ಟಿಗೆ ಉಜ್ಜುತ್ತದೆ, ರಬ್ಬರ್ ಒಂದು ಕಡೆ ಬಿಟ್ಟುಕೊಂಡು ಗಾಳಿ ನುಗ್ಗುತ್ತದೆ.

ಒಂಟಿ ಗಾಜೇ ಸಾಕಾಗುವ ಕಡೆ

ಹಗಲೆಲ್ಲ ತೆರೆದಿಡುವ ಕಿಟಕಿಗೆ ಜೋಡಿ ಗಾಜು ದಂಡ. ತೆರೆದ ಕಿಟಕಿಗೆ ಯು-ವ್ಯಾಲ್ಯೂ ಎಂಬುದೇ ಇಲ್ಲ. ಎಸಿ ಹೀಟರ್ ಎರಡೂ ಇಲ್ಲದ, ಗಾಳಿಯಾಟದಲ್ಲೇ ತಂಪಾಗುವ ಮನೆಯಲ್ಲಿ ಒಳಗೂ ಹೊರಗೂ ಉಷ್ಣತೆಯ ಅಂತರವೇ ನಾಲ್ಕೈದು ಡಿಗ್ರಿ. 5 ಡಿಗ್ರಿಗೆ ಒಂಟಿ ಗಾಜಿನಲ್ಲಿ 52 ವಾಟ್, ಸಾದಾ ಜೋಡಿಯಲ್ಲಿ 25. ಈ 27 ವಾಟಿಗಾಗಿ ಯಾರೂ ಕಿಟಕಿ ಬದಲಿಸಬೇಕಿಲ್ಲ, ದುಡ್ಡಿದ್ದರೆ ನೆರಳಿಗೆ ಹಾಕಲಿ. ಬಚ್ಚಲು, ಸ್ಟೋರ್ ರೂಮ್, ಮೆಟ್ಟಿಲಸಾಲು, ವರಾಂಡದೊಳಗೆ ಹುದುಗಿದ ಕಿಟಕಿ, ಇವಕ್ಕೂ ಒಂಟಿ ಸಾಕು. ಚಳಿ ಪ್ರದೇಶದ ಬಚ್ಚಲು ಮಾತ್ರ ಇದಕ್ಕೆ ಹೊರತು, ಅಲ್ಲಿ ಗಾಜು ಬೆವರುವುದೇ ದೊಡ್ಡ ಸಮಸ್ಯೆ.

ಇಡೀ ಮನೆಗೆ ಒಂದೇ ಬಗೆ ಹಾಕಬೇಕೆಂಬ ನಿಯಮವಿಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಎಸಿ ಓಡುವ ಮಲಗುವ ಕೋಣೆ, ಪಶ್ಚಿಮಕ್ಕೆ ತೆರೆದ ದೊಡ್ಡ ಗಾಜು, ರಸ್ತೆಗೆ ಮುಖ ಮಾಡಿದ ಕೋಣೆ, ಇವಕ್ಕೆ ತಕ್ಕ ಜೋಡಿ ಗಾಜು ಹಾಕಿ ಉಳಿದೆಡೆ ಒಂಟಿ ಬಿಡುವುದು ನಾವು ಹೆಚ್ಚಾಗಿ ಒಪ್ಪುವ ಹಂಚಿಕೆ. ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಎರಡು ಬಗೆ ಬಂದರೆ ಗಾಜಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ, ಅದನ್ನಷ್ಟೇ ನೋಡಿಕೊಳ್ಳಿ.

ಕಳ್ಳರ ಭಯಕ್ಕೆ ಜೋಡಿ ಗಾಜು ಮದ್ದಲ್ಲ. ಒಡೆದರೂ ಪದರಕ್ಕೆ ಅಂಟಿಕೊಂಡೇ ನಿಲ್ಲುವ ಲ್ಯಾಮಿನೇಟೆಡ್ ಗಾಜು ಅದಕ್ಕೆ ಬೇಕು. ಒಂಟಿಯಾಗಲಿ ಜೋಡಿಯಾಗಲಿ, ನೆಲದಿಂದ 80 ಸೆಂ.ಮೀ.ಗಿಂತ ಕೆಳಗೆ ಇಳಿಯುವ ಗಾಜು ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಅಥವಾ ಲ್ಯಾಮಿನೇಟೆಡ್ ಆಗಿರಲಿ. ಮಕ್ಕಳು ಎಡವಿ ಬೀಳುವುದು ಆ ಎತ್ತರಕ್ಕೇ.

ಹಳೆಯ ಚೌಕಟ್ಟನ್ನು ಉಳಿಸಿಕೊಳ್ಳಬೇಕಾದರೆ

4 ಮಿ.ಮೀ. ಗಾಜಿಗೆಂದು ಕೊರೆದ ಹಳೆಯ ಮರದ ಕದದ ತೋಡಿನಲ್ಲಿ 24 ಮಿ.ಮೀ. ಯೂನಿಟ್ ಕೂರುವುದಿಲ್ಲ. ತೋಡಿನ ಅಗಲವಷ್ಟೇ ಅಲ್ಲ, ಎತ್ತರವೂ ಸಾಲದು: ಸ್ಪೇಸರ್ ಮತ್ತು ಸೀಲ್ ಪೂರ್ತಿ ಮುಚ್ಚುವಷ್ಟು, ಕನಿಷ್ಠ 15ರಿಂದ 18 ಮಿ.ಮೀ. ಬೇಕು. ಕಡಿಮೆಯಾದರೆ ಪಾಲಿಸಲ್ಫೈಡ್ ಸೀಲಿಗೆ ಬಿಸಿಲು ತಾಗಿ ಅದು ಬಿರಿಯುತ್ತದೆ. ಮರವನ್ನು ಇನ್ನಷ್ಟು ಕೊರೆದು ಜಾಗ ಮಾಡಲು ಹೋದರೆ ಉಳಿಯುವುದು ತೊಗಟೆಯಷ್ಟೇ.

ಇಂಥ ಕಡೆ ಹೊರಗಿನ ಕಿಟಕಿಯನ್ನು ಹಾಗೇ ಬಿಟ್ಟು, ಗೋಡೆಯ ಒಳಬದಿಗೆ ಇನ್ನೊಂದು ಒಂಟಿ ಗಾಜಿನ ಕದ ಕೂರಿಸುವುದು ಒಳ್ಳೆಯ ಉಪಾಯ. ನಡುವೆ 10 ಸೆಂ.ಮೀ. ಅಂತರ ಸಿಕ್ಕರೆ ಸದ್ದಿನ ಮಟ್ಟಿಗೆ ಅದು ಸೀಲ್ ಆದ ಯೂನಿಟ್ಟನ್ನೂ ಮೀರಿಸುತ್ತದೆ. ಎರಡು ಗಾಜು ಒಟ್ಟಿಗೆ ಕುಣಿಯುವ ಕಂಪನ 4 ಮಿ.ಮೀ. ಹಾಳೆಗಳಲ್ಲಿ 85 ಹರ್ಟ್ಜ್‌ಗೆ ಇಳಿದು ಗದ್ದಲದ ಮುಖ್ಯ ವಲಯದಿಂದ ಆಚೆ ಹೋಗುತ್ತದೆ. ಒಳಗಿನ ಕದ ಬಿಗಿಯಾಗಿರಲಿ, ಹೊರಗಿನದು ಸ್ವಲ್ಪ ಉಸಿರಾಡಲಿ. ಅದಲುಬದಲಾದರೆ ಕೋಣೆಯ ತೇವ ನಡುವೆ ಸೇರಿ ಹೊರಗಾಜಿನ ಮೇಲೆ ನೀರಾಗುತ್ತದೆ. ಒರೆಸಲು ಒಳಗಿನ ಕದ ತೆರೆಯುವಂತಿರಲಿ.

ಆರ್ಡರಿನಲ್ಲಿ ಬರೆಸಬೇಕಾದದ್ದು

'ಡಬಲ್ ಗ್ಲಾಸ್ ಕಿಟಕಿ, 6 ನಂಬರ್' ಎಂದು ಬರೆದ ಆರ್ಡರಿಗೆ ಏನು ಬಂದರೂ ಪ್ರಶ್ನಿಸಲಾಗದು. ಹೊರ ಹಾಳೆಯ ದಪ್ಪ ಮತ್ತು ಬಗೆ, ಅಂತರ ಎಷ್ಟು ಮತ್ತು ಅದರಲ್ಲಿ ಏನು, ಒಳ ಹಾಳೆಯ ದಪ್ಪ ಮತ್ತು ಬಗೆ, ಕೋಟಿಂಗ್ ಯಾವುದು, ಯಾವ ಮುಖದಲ್ಲಿ, ಸ್ಪೇಸರ್ ಯಾವುದರದ್ದು, ಎರಡೂ ಸೀಲ್ ಯಾವುವು, ಮಂಜು ಕಟ್ಟಿದರೆ ಎಷ್ಟು ವರ್ಷದವರೆಗೆ ಬದಲಿಸಿಕೊಡುತ್ತಾರೆ. ಆರ್ಗಾನ್ ಎಂದರೆ ನೂರಕ್ಕೆ 90 ತುಂಬಿರಬೇಕು. ಯುರೋಪಿನ ಇಎನ್ 1279 ಮಾನದಂಡ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ ಸೋರಿಕೆಯನ್ನಷ್ಟೇ ಒಪ್ಪುತ್ತದೆ.

ಟಫನ್ಡ್ ಗಾಜನ್ನಾಗಲಿ ಸೀಲ್ ಆದ ಯೂನಿಟ್ಟನ್ನಾಗಲಿ ಸ್ಥಳದಲ್ಲಿ ಕತ್ತರಿಸಲು ಬರುವುದಿಲ್ಲ. ಫ್ರೇಮ್ ಕೂರಿಸಿದ ಮೇಲೆಯೇ ಅಳತೆ ತೆಗೆಯಬೇಕು, ಅಗಲ ಎತ್ತರ ಎರಡನ್ನೂ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಬೇಕು, ಕರ್ಣಗಳನ್ನೂ ಹೋಲಿಸಬೇಕು. ಅದರಲ್ಲಿ 10 ಮಿ.ಮೀ. ಕಳೆದರೆ ಪ್ರತಿ ಬದಿಗೆ 5 ಮಿ.ಮೀ. ಸಂದು ಉಳಿಯುತ್ತದೆ.

ಬೆಟ್ಟದ ಮೇಲಿನ ಮನೆಗೆ ಕೆಳಗಿನ ಊರಿನ ಕಾರ್ಖಾನೆಯಿಂದ ಯೂನಿಟ್ ತರಿಸುವುದಾದರೆ ಮೊದಲೇ ತಿಳಿಸಿ. 1000 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಹೊರಗಿನ ಗಾಳಿಯ ಒತ್ತಡ ನೂರಕ್ಕೆ 11ರಷ್ಟು ಇಳಿಯುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಗಾಜನ್ನು ಉಬ್ಬಿಸುತ್ತದೆ. ದೊಡ್ಡ ಹಾಳೆ ಬಾಗಿಕೊಳ್ಳುತ್ತದೆ, ಕಿರಿದಾದ ಸಣ್ಣ ಯೂನಿಟ್ ಬಾಗಲಾರದೆ ಒಡೆಯುತ್ತದೆ ಅಥವಾ ಸೀಲ್ ಕಿತ್ತುಕೊಳ್ಳುತ್ತದೆ. ಒತ್ತಡ ಸರಿದೂಗಿಸುವ ಸಣ್ಣ ನಳಿಗೆ ಇಟ್ಟು ಮಾಡುವ ಕ್ರಮವಿದೆ.

ಕೂರಿಸುವಾಗ ಕೆಡುವುದು

ಯೂನಿಟ್‌ಗಳನ್ನು ಬಿಸಿಲಲ್ಲಿ ಒಂದಕ್ಕೊಂದು ಒರಗಿಸಿಟ್ಟರೆ ನಡುವೆ ಶಾಖ ಸೇರಿ ಬಿರುಕು ಬಿಡುತ್ತವೆ. ನೆರಳಲ್ಲಿ, ನೆಟ್ಟಗೆ, ಮರದ ತುಂಡುಗಳ ಮೇಲೆ ಇಡಿ. ಹತ್ತಿರದಲ್ಲಿ ಗ್ರೈಂಡರ್ ವೆಲ್ಡಿಂಗ್ ನಡೆಯುತ್ತಿದ್ದರೆ ಗಾಜು ಮುಚ್ಚಿಡಿ, ಗಾಜಿಗೆ ಹಾರಿ ಕೂತ ಕಿಡಿಯ ಕಲೆ ಒರೆಸಿದರೆ ಹೋಗದು.

ಫ್ರೇಮಿನ ಕೆಳಪಟ್ಟಿಯಲ್ಲಿ ಎರಡು ಕಡೆ, ಪ್ರತಿ ಮೂಲೆಯಿಂದ ಅಗಲದ ಕಾಲು ಪಾಲು ದೂರದಲ್ಲಿ, ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಕಿಂಗ್ ತುಂಡುಗಳಿರಬೇಕು. ಆ ತುಂಡು ಯೂನಿಟ್ಟಿನ ಪೂರ್ತಿ ದಪ್ಪಕ್ಕೆ ಚಾಚಿರಬೇಕು. ಒಂದೇ ಹಾಳೆ ಅದರ ಮೇಲೆ ಕೂತು ಇನ್ನೊಂದು ತೂಗಾಡಿದರೆ, ತೂಕಕ್ಕೆ ಅದು ನಿಧಾನವಾಗಿ ಜಾರಿ ಸೀಲನ್ನು ಹರಿಯುತ್ತದೆ. ಕೆಳಗೆ ಉಳಿಯುವ 5 ಮಿ.ಮೀ. ಸಂದು ನೀರು ಹರಿಯಲು. ಅದನ್ನು ಸಿಲಿಕೋನಿನಿಂದ ತುಂಬಿಸುವುದು ಚೊಕ್ಕಟ ಕೆಲಸದಂತೆ ಕಾಣುತ್ತದೆ, ಮಾಡುವುದು ಹಾನಿ. ಹೊರಗಿನ ರಬ್ಬರ್ ದಾಟಿ ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಅದು ಫ್ರೇಮಿನ ಹೊರಮೈಯಲ್ಲಿರುವ ತೂತುಗಳಿಂದ ಹೊರಹೋಗಬೇಕು. ಕೂರಿಸಿದ ದಿನವೇ ಒಂದು ಲೋಟ ನೀರನ್ನು ಕೆಳಪಟ್ಟಿಯೊಳಗೆ ಸುರಿದು ನೋಡಿ, ಹೊರಗೆ ಹರಿಯದಿದ್ದರೆ ಅಂದೇ ಸರಿಮಾಡಿಸಿ.

ಮೂಗಿಗೆ ಹುಳಿ ವಾಸನೆ ಬಡಿಯುವ ಸಿಲಿಕೋನನ್ನು ಯೂನಿಟ್ಟಿನ ಅಂಚಿಗೆ ತಾಗಿಸಬೇಡಿ, ನ್ಯೂಟ್ರಲ್ ಬಗೆಯದೇ ಆಗಲಿ. ಹಳೆಯ ಎಣ್ಣೆ ಪುಟ್ಟಿಯೂ ಬೇಡ. ಎರಡೂ ಸೀಲನ್ನು ಮೆದುಗೊಳಿಸಿ ಕೆಡಿಸುತ್ತವೆ.

ಸಾದಾ ಜೋಡಿ ಗಾಜು ಹಾಕಿಸಿ, ಬಿಸಿಲು ತಡೆಯದ ಮೇಲೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸುವುದು ಇನ್ನೊಂದು ರೂಢಿ. ಫಿಲ್ಮ್ ಹೀರಿದ ಶಾಖ ಒಳ ಹಾಳೆಯಲ್ಲೇ ಉಳಿಯುತ್ತದೆ, ನಡುವಿನ ಗಾಳಿ ಅದನ್ನು ಹೊರಗೆ ಹೋಗಗೊಡುವುದಿಲ್ಲ. ನಡುಭಾಗ ಕಾದು, ಫ್ರೇಮಿನೊಳಗಿನ ಅಂಚು ತಣ್ಣಗೇ ಉಳಿದು, ಟಫನ್ ಮಾಡದ ಗಾಜು ಅಂಚಿನಿಂದ ಸೀಳುತ್ತದೆ. ಒಡೆದ ಗೆರೆ ಅಂಚಿಗೆ ನೇರ ಲಂಬವಾಗಿ ಶುರುವಾಗಿ ಆಮೇಲೆ ಅಂಕುಡೊಂಕಾಗಿದ್ದರೆ ಅದು ಶಾಖದ ಒಡಕು, ಕಲ್ಲು ಬಿದ್ದದ್ದಲ್ಲ. ಫಿಲ್ಮ್ ಅಂಟಿಸಿದ ಗಾಜಿಗೆ ತಯಾರಕರ ವಾರಂಟಿಯೂ ಸಾಮಾನ್ಯವಾಗಿ ಉಳಿಯುವುದಿಲ್ಲ.

ಒಂಟಿ ಗಾಜು ಒಡೆಯುವವರೆಗೂ ಗಾಜೇ. ಜೋಡಿ ಗಾಜಿಗೆ ಆಯಸ್ಸಿದೆ, ಚೆನ್ನಾಗಿ ಕೂರಿಸಿದರೆ 15ರಿಂದ 25 ವರ್ಷ. ಮಂಜು ಕಂಡಾಗ ಮೊದಲು ಒಳಗಿನಿಂದ ಒರೆಸಿ, ಆಮೇಲೆ ಹೊರಗಿನಿಂದ. ಎರಡಕ್ಕೂ ಹೋಗದಿದ್ದರೆ ಅದು ನಡುವೆ ಇದೆ, ಸೀಲ್ ಸೋತಿದೆ, ತೇವ ಹೀರುವ ಹರಳು ತುಂಬಿಹೋಗಿದೆ. ಗಾಜಿಗೆ ತೂತು ಕೊರೆದು ಒಣಗಿಸಿಕೊಡುತ್ತೇವೆ ಎನ್ನುವವರ ಕೆಲಸದಿಂದ ಮಂಜು ಹೋಗಬಹುದು, ಹೋದ ಆರ್ಗಾನ್ ಮತ್ತು ಹೋದ ಸೀಲ್ ಮರಳಿ ಬರುವುದಿಲ್ಲ. ಫ್ರೇಮ್ ಬದಲಿಸಬೇಕಿಲ್ಲ, ಗಾಜನ್ನು ಹಿಡಿದಿರುವ ಬೀಡಿಂಗ್ ಪಟ್ಟಿ ತೆಗೆದು ಯೂನಿಟ್ ಮಾತ್ರ ಹೊಸದು ಹಾಕಿದರೆ ಸಾಕು. ಸ್ಪೇಸರ್ ಪಟ್ಟಿಯ ಮೇಲೆ ತಯಾರಾದ ವರ್ಷ, ಗಾಜಿನ ವಿವರ ಅಚ್ಚಾಗಿದ್ದರೆ ಹಳೆಯದನ್ನು ಎಸೆಯುವ ಮೊದಲು ಫೋಟೋ ತೆಗೆದುಕೊಳ್ಳಿ. ಹೊಸದನ್ನು ಇಡುವ ಮುನ್ನ ಕೆಳಪಟ್ಟಿಯಲ್ಲಿ ಕೈಯಾಡಿಸಿ: ಅಲ್ಲಿ ನೀರು ನಿಂತಿದ್ದರೆ, ಕೆಸರು ಕಟ್ಟಿ ತೂತು ಮುಚ್ಚಿದ್ದರೆ, ಅದನ್ನು ಬಿಡಿಸದೆ ಹಾಕಿದ ಹೊಸ ಯೂನಿಟ್ಟಿಗೂ ಅದೇ ಗತಿ.